ಉಲ್ಟಾ ಬಿದ್ದ ಪಟ್ಟಾ

ದೀಪ ಸ್ವಲ್ಪ ಇಳಿಸಿ, ಹೇಳುತ್ತೇನೆ. ಇದು ನಮ್ಮ ಹಿಂದಿನ ಓಣಿಯ ಮದಾರಸಾಬನಿಗೆ ಆದದ್ದು. ಅವನು ಸುಮ್ಮಸುಮ್ಮನೆ ಹೆದರುವ ಮನುಷ್ಯನೂ ಅಲ್ಲ, ಬಣ್ಣ ಹಚ್ಚಿ ಹೇಳುವವನೂ ಅಲ್ಲ.

ಲಡಾಯಿಯ ಕಾಲ, ದೇಶದೇಶಗಳ ನಡುವೆ ಯುದ್ಧ ನಡೆದಿತ್ತು. ಕೊಪ್ಪಳದ ಸ್ಟೇಶನ್ ಹತ್ತಿರದ ಹತ್ತಿ ಗಿರಣಿಯಲ್ಲಿ ಮದಾರಸಾಬ ಪಟ್ಟಾ ಜೋಡಿಸುತ್ತಿದ್ದ. ಇಂಜಿನ್ನಿನ ಚಕ್ರದಿಂದ ಯಂತ್ರಗಳಿಗೆ ಓಡುವ ಅಗಲವಾದ ತೊಗಲಿನ ಪಟ್ಟಾ ಅದು. ಹರಿದರೆ ಗಿರಣಿ ನಿಂತಂತೆಯೇ. ಯಲಬುರ್ಗಾ ಕಡೆಯಿಂದ ಹತ್ತಿ ಬಂಡಿಗಳು ಸಾಲುಗಟ್ಟಿ ಬರುವ ದಿನಗಳು, ಹಗಲು ಗಿರಣಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಜೋಡಿಸುವ ಕೆಲಸವೆಲ್ಲ ರಾತ್ರಿಯೇ.

ಆ ರಾತ್ರಿಯೂ ಕೆಲಸ ಮುಗಿಸಿ ಒಬ್ಬನೇ ಮನೆಗೆ ಹೊರಟಿದ್ದ. ದಾರಿಯಲ್ಲಿ ಒಂದು ಹಾಳುಬಾವಿ. ಅದರ ಹತ್ತಿರ ಬಂದಾಗ ಕೇಳಿಸಿತು...

ಟಪ್... ಟಪ್... ಟಪ್...

ಪಟ್ಟಾದ ಜೋಡು, ಅಂದರೆ ಎರಡು ತುದಿ ಕೂಡಿಸಿ ಹೊಲಿದ ಜಾಗ, ಚಕ್ರದ ಮೇಲೆ ಹಾಯುವಾಗಿನ ಸದ್ದು. ಒಂದೇ ಸಮ, ಒಂದೇ ಅಂತರ. ಆದರೆ ಇಂಜಿನ್ ಆರಿತ್ತು, ಗಿರಣಿಗೆ ಬೀಗ ಬಿದ್ದಿತ್ತು. ಸದ್ದು ಬರುತ್ತಿದ್ದದ್ದು ಬಾವಿಯೊಳಗಿಂದ.

ಮದಾರಸಾಬ ನಿಂತುಬಿಟ್ಟ. ಆ ಬಾವಿಯಲ್ಲಿ ಏನಿದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ಹನ್ನೊಂದು ದಿನದ ಹಿಂದಿನ ಮಾತು. ಪಟ್ಟಾ ಜೋಡಿಸುವಾಗ ಎರಡೂ ತುದಿಗಳನ್ನು ತೆಳ್ಳಗೆ ಹೆರೆದು, ಒಂದರ ಮೇಲೊಂದು ಕೂರಿಸಿ, ತೊಗಲಿನ ದಾರದಿಂದ ಹೊಲಿಯುತ್ತಾರೆ. ಮೇಲಿನ ತುದಿ ಪಟ್ಟಾ ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು. ಮುಖ ಮಾಡಿದರೆ ಓಡುತ್ತ ಓಡುತ್ತ ಎದ್ದು ಬಿಚ್ಚಿಕೊಳ್ಳುತ್ತದೆ. ಲಡಾಯಿಯಿಂದಾಗಿ ಹೊಸ ಪಟ್ಟಾ ಸಿಗುತ್ತಿರಲಿಲ್ಲ. ಮದಾರಸಾಬ ಬೇರೆ ಯಂತ್ರದ ಹಳೇ ಪಟ್ಟಾವನ್ನು ಅದರ ಹಳೇ ಜೋಡಿನ ಸಮೇತ ತಂದು ಹಾಕಿದ. ಆ ಯಂತ್ರ ತಿರುಗುತ್ತಿದ್ದದ್ದು ಉಲ್ಟಾ. ಪಟ್ಟಾವನ್ನೂ ಹೊರಳಿಸಿ ಹಾಕಬೇಕಿತ್ತು. ಮೂವತ್ತು ವರ್ಷ ಪಳಗಿದ ಕೈ, ಮತ್ತೇನು ನೋಡುವುದು ಎಂದುಕೊಂಡ. ನೋಡಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಹಳೇ ಜೋಡು ಎದ್ದು ಬಿಚ್ಚಿತು. ಪಕ್ಕದಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಗಿಡ್ಡಪ್ಪನ ಧೋತರ ಹಿಡಿದು ಎಳೆಯಿತು. ಚಕ್ರ ನಿಲ್ಲುವಷ್ಟರಲ್ಲಿ ಗಿಡ್ಡಪ್ಪ ಇರಲಿಲ್ಲ.

ಅವನು ಕುಡಿದು ಬಂದಿದ್ದ ಎಂದು ಗಿರಣಿಯ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ಮುನೀಮ ಎಲ್ಲರ ಮುಂದೆ ಹೇಳಿದ. ಗಿಡ್ಡಪ್ಪ ಹೆಂಡ ಮೂಸಿಯೂ ನೋಡಿದವನಲ್ಲ. ಮದಾರಸಾಬ ತನ್ನ ತಪ್ಪು ಮುಚ್ಚಿಟ್ಟ. ಬಿಚ್ಚಿದ ಜೋಡನ್ನು ಕೊಯ್ದು ಕತ್ತಲಲ್ಲಿ ಈ ಬಾವಿಗೆ ಎಸೆದುಬಂದ. ಆಮೇಲೆ ಗಿಡ್ಡಪ್ಪನ ಹೆಂಡತಿ ಹುಲಗೆಮ್ಮ ಗಿರಣಿಯ ತೊಟ್ಟಿಗೆ ನೀರಿಗೆ ಬಂದಾಗಲೆಲ್ಲ ಆಳುಗಳು 'ಕುಡುಕನ ಹೇಣ್ತಿ' ಎಂದು ಹಿಂದಿನಿಂದ ಆಡಿಕೊಳ್ಳುವುದು ಅವನ ಕಿವಿಗೂ ಬಿತ್ತು. ನಾಚಿಕೆಯಿಂದ ಭೂಮಿಗೆ ಇಳಿದುಹೋದ. ಆದರೂ ಕೆಲಸ ಹೋದೀತೆಂದು ಸುಮ್ಮನಿದ್ದ.

ಈಗ ಬಾವಿಯ ಸದ್ದು ನಿಂತಿತು. ಮೂಗಿಗೆ ಯಂತ್ರದ ಎಣ್ಣೆಯ ವಾಸನೆ ಬಡಿಯಿತು. ಪಕ್ಕದಲ್ಲೇ... ಭುಜಕ್ಕೆ ಭುಜ ತಾಗುವಷ್ಟು ಹತ್ತಿರ... ಪಿಸುದನಿ.

"ಕಾಕಾ... ಮ್ಯಾಲಿನ ತುದಿ ಯಾ ಕಡಿ ಮಕಾ ಮಾಡಿತ್ರಿ?"

ಮದಾರಸಾಬ ಪಕ್ಕಕ್ಕೆ ತಿರುಗದೆ ಹೇಳಿದ. "ಉಲ್ಟಾ ಇತ್ತಪಾ."

"ನಾ ಕುಡದಿದ್ನೇನ್ರಿ?"

"ಇಲ್ಲೋ ನಮ್ಮಪ್ಪಾ... ಇಲ್ಲ."

"ಹಂಗಾರ... ಅಕಿಗೆ ಹೇಳ್ರಿ."

ಮದಾರಸಾಬ ಮನೆಯ ದಾರಿ ಬಿಟ್ಟು ಹುಲಗೆಮ್ಮನ ಮನೆಯತ್ತ ತಿರುಗಿದ. ಹಿಂದೆ ಹಸಿ ಅಂಗಾಲಿನ ಸದ್ದು, ಚಪಕ್... ಚಪಕ್... ತಿರುಗಿ ನೋಡಲಿಲ್ಲ. ಅವಳ ಬಾಗಿಲಿಗೆ ಬಂದಾಗ ಅದೂ ನಿಂತಿತು.

ಹುಲಗೆಮ್ಮ ಚಿಮಣಿ ದೀಪ ಹಿಡಿದು ಬಾಗಿಲು ತೆಗೆದಳು. ಮದಾರಸಾಬ ಹೊಸ್ತಿಲಲ್ಲೇ ಕುಸಿದು ಕೂತು, ಅಳುತ್ತ, ಎಲ್ಲ ಹೇಳಿಬಿಟ್ಟ. ಅವಳು ಬಯ್ಯಲಿಲ್ಲ. ಒಂದೇ ಮಾತು ಆಡಿದಳು.

"ನನ್ನ ಮುಂದ ಹೇಳಿದ್ರ ಏನಾತ್ರಿ ಕಾಕಾ. ನಮ್ಮನಿಯವರು ಕುಡದಿದ್ರು ಅಂತ ಎಲ್ಲಿ ಅಂದ್ರೋ, ಅಲ್ಲಿ ಹೇಳ್ರಿ."

ಬೆಳಿಗ್ಗೆ ಅವಳನ್ನು ಕರೆದುಕೊಂಡೇ ಗಿರಣಿಗೆ ಹೋದ. ಆಳುಗಳೆಲ್ಲ ನೆರೆದಿದ್ದಾಗ, ತಪ್ಪು ತನ್ನದು, ಗಿಡ್ಡಪ್ಪ ಕುಡಿದಿರಲಿಲ್ಲ ಎಂದು ಗಟ್ಟಿಯಾಗಿ ಹೇಳಿದ. ಆಡಿಕೊಂಡವರು ತಲೆ ತಗ್ಗಿಸಿದರು. ಹುಲಗೆಮ್ಮ ತಲೆಯೆತ್ತಿ ನಡೆದುಹೋದಳು. ಮುನೀಮ ಮದಾರಸಾಬನನ್ನು ನಿಂತ ಕಾಲಲ್ಲೇ ಹೊರಗೆ ಹಾಕಿದ.

ಇನ್ನು ಮುಂದಿನದಕ್ಕೆ ನೀವು ಏನಾದರೂ ಅನ್ನಿ, ನಡೆದದ್ದು ನಡೆದದ್ದೇ. ಗಿಡ್ಡಪ್ಪ ಸತ್ತ ಮೇಲೆ ಆ ಕೆಲಸಕ್ಕೆ ಯಾರೂ ಒಪ್ಪದೆ, ಯಂತ್ರಕ್ಕೆ ಎಣ್ಣೆ ಬಿಡುವುದನ್ನೂ ಮದಾರಸಾಬನೇ ಮಾಡುತ್ತಿದ್ದ. ಅಂದು ಅವನಿಲ್ಲ. ಆದರೂ ಗಿರಣಿ ಹೊತ್ತು ಮುಳುಗುವ ತನಕ ಓಡಿತು. ಎಣ್ಣೆಯಿಲ್ಲದೆ ಚಕ್ರದ ಬೇರಿಂಗುಗಳು ಮಧ್ಯಾಹ್ನಕ್ಕೇ ಕಿರುಚಿ ಹೊಗೆಯೇಳಬೇಕಿತ್ತು. ಸಂಜೆ ತನ್ನ ಉಳಿ, ದಬ್ಬಳ ಒಯ್ಯಲು ಬಂದವನು ಏಣಿ ಹತ್ತಿ ಮುಟ್ಟಿ ನೋಡಿದ. ಬೇರಿಂಗುಗಳೆಲ್ಲ ತಣ್ಣಗಿದ್ದವು. ಯಾರು ಎಣ್ಣೆ ಬಿಟ್ಟಿರಿ ಎಂದು ಕೆಳಗಿದ್ದವರನ್ನು ಕೇಳಿದ. ಯಾರೂ ಬಿಟ್ಟಿರಲಿಲ್ಲ. ಬೇರಿಂಗಿನ ಮೇಲಿನ ಎಣ್ಣೆ ಬಟ್ಟಲುಗಳಿಗೆ ಒಂದೊಂದಾಗಿ ಬೆರಳು ಅದ್ದುತ್ತ ಹೋದ. ಹನ್ನೆರಡು ಬಟ್ಟಲು. ಹನ್ನೆರಡೂ ಕಂಠಮಟ್ಟ ತುಂಬಿದ್ದವು.