ಒಂದೇ ಸಲ ಬದಲಿಸಿದ ನೀರು

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಗುಜರಾತಿನ ವಡೋದರದ ಮಾಂಜಲ್‌ಪುರ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದು ತಿರುಗಿ ನೋಡಿದೆ. ಇಬ್ಬರು ಹೆಂಗಸರು ನಿಂತಿದ್ದರು.

“ಮೇದಿನಿ, ನಿನ್ನ ಗಂಡನ ಅಕ್ವೇರಿಯಂ ತೊಳೆದ್ಯಾ?” ಎಂದರು ಹಿರಿಯಾಕೆ.

“ತೊಳೆದೆ ಅಕ್ಕಾ. ಹಳೇ ನೀರೆಲ್ಲ ಚೆಲ್ಲಿ ನಲ್ಲಿ ನೀರು ತುಂಬಿಸ್ದೆ.”

“ಅಯ್ಯೋ, ಕಾಲು ಭಾಗ ಮಾತ್ರ ಬದಲಿಸ್ಬೇಕು ಕಣೇ! ಅದೂ ಹೊಸ ನೀರನ್ನ ಒಂದು ದಿನ ಬಕೆಟ್ಟಲ್ಲಿ ಇಟ್ಟು, ಕ್ಲೋರಿನ್ ಹೋದ್ಮೇಲೆ.”

“ಅದೆಲ್ಲ ಅವರಿಗೇ ಗೊತ್ತಿದ್ದದ್ದು. ಲಕ್ವ ಹೊಡೆದ್ಮೇಲೆ ಅವರಿಗೆ ಮಾತೇ ಇಲ್ಲ. ಯಾರನ್ನ ಕೇಳ್ಲಿ?”

“ಮೀನುಗಳು?”

“ಸಂಜೆಯೊಳಗೆ ಹನ್ನೊಂದೂ ಸತ್ವು. ಅವರು ಮಂಚದಿಂದ ನೋಡ್ತಾನೇ ಇದ್ರು.”

“ಬೇರೆ ತಂದು ಬಿಡು.”

“ತಂದೆ. ತೋರಿಸೋಕೆ ಹೋದ್ರೆ ಕಣ್ಣು ಮುಚ್ಕೋತಾರೆ. ಮೊದಲು ಇಡೀ ದಿನ ಅದನ್ನೇ ನೋಡ್ತಿದ್ರು.”

ಹಿರಿಯಾಕೆ ಆಕೆಯ ಕೈ ಹಿಡಿದುಕೊಂಡರು. ಬಸ್ ಬಂತು. ಇಬ್ಬರೂ ಹತ್ತಿ ಹೋದರು.