ಗೋಧಿ ಗೋಪುರದ ಬಳಿ ಬೂಮ್ ಲಿಫ್ಟಿನ ಎಂಜಿನ್ ನಿಂತು ಒರೆಸ್ಟ್ ಬಿದ್ದ ಬಗ್ಗೆ

ಹೆಸರು ವರ್ನಾ ಹ್ರಿಟ್ಸಾಕ್, ವಯಸ್ಸು ಐವತ್ತನಾಲ್ಕು, ತಗಡು ಹೊದಿಸುವ ತಂಡದಲ್ಲಿ ಕೆಳಗೆ ನಿಂತು, ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಆಳನ್ನು ಮೇಲೆತ್ತುವ ಬೂಮ್ ಲಿಫ್ಟ್ ಯಂತ್ರ ನೋಡಿಕೊಳ್ಳುವ ಕೆಲಸ, ವಾಸ ಸಸ್ಕಾಚೆವಾನ್ ಪ್ರಾಂತ್ಯದ ವಿಲೋಬೆಂಡ್, ರೈಲು ಹಳಿಯ ಹಿಂದಿನ ಬೀದಿ. ಎಂಟನೇ ತರಗತಿ ಅರ್ಧಕ್ಕೆ ಬಿಟ್ಟವಳು. ತಾವು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟನ್ನು ಹೀಗೆ ಹೇಳಿ ಬರೆಸುತ್ತಿದ್ದೇನೆ.

ಮೊದಲು ಕನಸು. ಅಂದಿನಿಂದ ದಿನವೂ ಒಂದೇ ಕನಸು ಬೀಳುತ್ತಿದೆ. ಎಂಜಿನ್ ಚೆನ್ನಾಗಿ ಓಡುತ್ತಿರುತ್ತದೆ, ನಾನು ಬುಟ್ಟಿಯನ್ನು ಇಳಿಸುತ್ತಿರುತ್ತೇನೆ, ಅದು ನೆಲ ಮುಟ್ಟಿದಾಗ ಒಳಗೆ ಒರೆಸ್ಟ್ ಅವರ ಕೈಗವಸು ಮಾತ್ರ ಇರುತ್ತದೆ. ಇದು ಹೇಳಿಕೆಗೆ ಬೇಡವೆಂದು ಬರೆದುಕೊಳ್ಳುತ್ತಿರುವ ಪೊಲೀಸ್ ಸಾಹೇಬರು ಅಂದರು. ಕನಸೂ ನಡೆದದ್ದೂ ನನ್ನ ತಲೆಯಲ್ಲಿ ಕಲಸಿಹೋದಾವೆಂಬ ಹೆದರಿಕೆಯಿಂದ, ಬೇರೆಯಾಗಿಯೇ ಬರೆದುಬಿಡಿ ಎಂದು ನಾನು ಕೇಳಿಕೊಂಡೆ. ಇನ್ನು ಮುಂದಿನದೆಲ್ಲ ಕಣ್ಣಾರೆ ಕಂಡದ್ದು.

ಒರೆಸ್ಟ್ ಡಾನಿಲುಕ್ ನಮ್ಮ ತಂಡದ ಹಿರಿಯರು, ವಯಸ್ಸು ಅರವತ್ತೊಂದು. ಮೇಸ್ತ್ರಿ ಬ್ರೆಂಟ್ ಲವಾಲಿ, ಒರೆಸ್ಟ್ ಅವರಿಗಿಂತ ತುಂಬಾ ಚಿಕ್ಕವರು. ಮಂಗಳವಾರ ನಾವು ಮೂವರೂ ಊರಿನ ಗೋಧಿ ತುಂಬಿಡುವ ಎತ್ತರದ ಗೋಪುರಕ್ಕೆ, ಗಾಳಿಗೆ ಕಿತ್ತುಹೋದ ತಗಡು ಹಾಕಲು ಹೋದೆವು. ಹಿಂದಿನ ವಾರ ಡೀಸೆಲಿಗೆ ಮಳೆನೀರು ಸೇರಿ ಎಂಜಿನ್ ಕೆಟ್ಟಿತ್ತು. ಅದಕ್ಕೆ ಬ್ರೆಂಟ್ ಡೀಸೆಲ್ ತುಂಬಿಸಿದ ಮೇಲೆ ಟ್ಯಾಂಕಿನ ಮುಚ್ಚಳ ಕಾಣದಂತೆ ಬೂದು ಟೇಪ್ ಸುತ್ತಿ ಬಿಗಿದರು. ನಮ್ಮ ಕಡೆ ಟ್ರಾಕ್ಟರಿನ ಕಿಟಕಿಯಿಂದ ಹಿಡಿದು ಬೂಟಿನವರೆಗೆ ಟೇಪೇ ರಿಪೇರಿ. ಯಾರಿಗೂ ತಪ್ಪೆನಿಸಲಿಲ್ಲ.

ಒರೆಸ್ಟ್ ಬುಟ್ಟಿ ಹತ್ತಿ, ಸೊಂಟದ ಬೆಲ್ಟಿನ ಕೊಕ್ಕೆಯನ್ನು ಬುಟ್ಟಿಯ ಕಂಬಿಗೆ ಹಾಕಿಕೊಂಡರು. ಇದನ್ನು ನಾನು ನೋಡಿದ್ದೇನೆ. ಸುಮಾರು ಕಾಲು ಗಂಟೆ ಓಡಿ ಎಂಜಿನ್ ನಿಂತಿತು. ಸ್ವಲ್ಪ ಬಿಟ್ಟು ಚಾಲೂ ಮಾಡಿದರೆ ಹತ್ತಿತು, ಮತ್ತೆ ಕೆಮ್ಮಿ ನಿಂತಿತು. ಬುಟ್ಟಿ ಆಗ ನೆಲದಿಂದ ಐವತ್ತು ಅಡಿ ಮೇಲಿತ್ತು. ಬ್ರೆಂಟ್ ಫಿಲ್ಟರಿನ ತಳದ ತಿರುಪು ಬಿಚ್ಚಿ ನೋಡಿದರು. ನೀರಿರಲಿಲ್ಲ, ಡೀಸೆಲೇ ಬಂತು. ಒರೆಸ್ಟ್ ಮೇಲಿನಿಂದ, “ವರ್ನಾ, ನಿನ್ ಥರಾನೇ ಆಯ್ತಲ್ಲೇ ಈ ಎಂಜಿನ್ನು! ಅರ್ಧಕ್ಕೇ ಗಾಬರಿ ಬಿದ್ದು ನಿಂತ್ಕೊಳ್ತದೆ!” ಎಂದು ಕೂಗಿದರು. ಬಾಯಿ ಮುಚ್ಚಿಕೊಂಡು ಕಂಬಿ ಹಿಡಿದುಕೊಳ್ಳಿ ಎಂದು ನಾನು ಹೇಳಿದೆ.

ಬ್ರೆಂಟ್ ಬಿಡದೆ ಕೀಲಿ ತಿರುಗಿಸುತ್ತಲೇ ಇದ್ದರು. ಎಂಜಿನ್ ಸತ್ತರೂ ಬುಟ್ಟಿ ಇಳಿಸಲು ಒಂದು ಚಿಕ್ಕ ಪಂಪು ಇದೆ, ಅದೂ ಅದೇ ಬ್ಯಾಟರಿಯಿಂದ ಓಡುವುದು. “ಸಾಕು ಬಿಡಪ್ಪ, ಬ್ಯಾಟರಿ ಉಳಿಸು, ಮೊದ್ಲು ಅವರನ್ನ ಇಳಿಸೋಣ” ಎಂದೆ. “ನಿಂದು ಯಾವಾಗ್ಲೂ ಒಂದು ಭಯ, ಹೋಗಿ ಕಾಫಿ ಕುಡಿ” ಎಂದರು. ಕೊನೆಗೆ ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದು ಮಾತ್ರ ಬಂತು. ಪಂಪಿನ ಗುಂಡಿ ಒತ್ತಿದೆ. ಅದು ಗೊರಗುಟ್ಟಿ ಸುಮ್ಮನಾಯಿತು.

ಅಷ್ಟರಲ್ಲಿ ಪಡುವಣ ಗಾಳಿ ಎದ್ದು ಬುಟ್ಟಿ ತೂಗಾಡತೊಡಗಿತು. ಅಗ್ನಿಶಾಮಕದವರಿಗೆ ಫೋನ್ ಮಾಡೋಣ ಎಂದೆ. “ಇಡೀ ಊರು ನಗ್ಬೇಕಾ?” ಎಂದು ಬ್ರೆಂಟ್ ರೇಗಿದರು. ಗೋಪುರದ ಕಬ್ಬಿಣದ ಏಣಿ ಬುಟ್ಟಿಯಿಂದ ಒಂದು ತೋಳಿನ ದೂರದಲ್ಲಿತ್ತು. ಅವರು ಮೇಲೆ ನೋಡಿ, “ಯಜಮಾನ್ರೇ, ಏಣಿ ಕೈಗೇ ಸಿಗ್ತದಲ್ಲ! ಕೊಕ್ಕೆ ಬಿಚ್ಚಿ, ದಾಟಿ ಇಳಿದ್ಬನ್ನಿ!” ಎಂದು ಕೂಗಿದರು. ಒರೆಸ್ಟ್, “ಬಿಚ್ಚಲಾ? ಖಂಡಿತಾನಾ?” ಎಂದು ಕೇಳಿದರು. “ಬಿಚ್ರೀ!” ಎಂದರು ಬ್ರೆಂಟ್.

ಒರೆಸ್ಟ್ ಬಿಚ್ಚಿದರು. ಒಂದು ಕಾಲು ಏಣಿಯ ಮೇಲಿತ್ತು. ಗಾಳಿ ಬುಟ್ಟಿಯನ್ನು ಆಚೆ ತಳ್ಳಿತು. ಅವರು ಜಲ್ಲಿಯ ಮೇಲೆ ಬಿದ್ದರು. ಬಿದ್ದ ಸದ್ದು ಹೇಗಿತ್ತೆಂದು ಕೇಳಬೇಡಿ. ಬ್ರೆಂಟ್ ತಮ್ಮ ಕೋಟು ಬಿಚ್ಚಿ ಅವರಿಗೆ ಹೊದಿಸಿ ಅತ್ತರು. ಅದನ್ನೂ ಬರೆಯಿರಿ.

ಸಂಜೆ ಮೆಕ್ಯಾನಿಕ್ ಬಂದು ಟೇಪ್ ಕಿತ್ತು ಮುಚ್ಚಳ ತಿರುಗಿಸಿದಾಗ ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡಿತು. ಬೇರೆ ಬ್ಯಾಟರಿ ಕೊಟ್ಟ ಮೇಲೆ ಎಂಜಿನ್ ನಿಲ್ಲಲೇ ಇಲ್ಲ. ಮುಚ್ಚಳದಲ್ಲಿ ಗಾಳಿಗೆಂದು ಸೂಜಿಯಷ್ಟು ತೂತು ಇರುತ್ತದಂತೆ. ಟೇಪ್ ಅದನ್ನು ಮುಚ್ಚಿತ್ತು, ಟ್ಯಾಂಕಿನೊಳಗೆ ಗಾಳಿ ಹೋಗದೆ, ಡೀಸೆಲ್ ಕೆಳಗಿಳಿಯದೆ ಎಂಜಿನ್ ಸಾಯುತ್ತಿತ್ತು.

ಒರೆಸ್ಟ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಅವರೇ ಅವಸರಪಟ್ಟು ಕೊಕ್ಕೆ ಬಿಚ್ಚಿದರೆಂದು ಬ್ರೆಂಟ್ ಈಗ ಊರಲ್ಲಿ ಹೇಳುತ್ತಿದ್ದಾರೆ. ಒರೆಸ್ಟ್ ಅವರ ಹೆಂಡತಿ ಮರೀಕಾ, “ಅಷ್ಟು ದಡ್ಡರಾ ನಮ್ಮೋರು?” ಎಂದು ನನ್ನನ್ನು ಕೇಳಿದರು. ಒರೆಸ್ಟ್ ಅವರ ಪರವಾಗಿ ಹೇಳಲು ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಕಂಡದ್ದೇ ಇದೆ, ಯಾರೂ ಹೇಳಿಕೊಟ್ಟದ್ದಲ್ಲ.

ವಿಲೋಬೆಂಡ್ ಠಾಣೆ, ಅಕ್ಟೋಬರ್ ಹದಿನೇಳು.
(ಸಹಿ) ವರ್ನಾ ಹ್ರಿಟ್ಸಾಕ್

ಸಹಿಯಾದ ಮೇಲೆ ಹೇಳಿದ್ದು: ಸಾಹೇಬರೇ, ನನಗೆ ಓದುವುದು ನಿಧಾನ, ನೀವು ಬೇಗ ಓದಿದಿರಿ. ಬ್ರೆಂಟ್ ಬಿಚ್ಚಿ ಎಂದದ್ದು ಮೊದಲು, ಒರೆಸ್ಟ್ ಬಿಚ್ಚಿದ್ದು ಆಮೇಲೆ. ಕಾಗದದಲ್ಲೂ ಹಾಗೇ ಇದೆಯೇ? ಆ ಜಾಗ ಒಂದನ್ನು ದಯವಿಟ್ಟು ಇನ್ನೊಮ್ಮೆ ನೋಡಿ.