ಮುಂದಿನ ಸೀಟಿನ ಖಾಕಿ ಅಂಗಿ

ಚನ್ನಗಿರಿ ಪೊಲೀಸ್ ಠಾಣೆ
ದಿನಾಂಕ 10-11-1987, ಮಂಗಳವಾರ

ನನ್ನ ಹೆಸರು ಕಸ್ತೂರಮ್ಮ ಕೋಂ ದಿವಂಗತ ಮಹೇಶ್ವರಪ್ಪ, ವಯಸ್ಸು 46 ವರ್ಷ, ಲಿಂಗಾಯತರು, ಕಸುಬು ಬಸ್ ಸ್ಟ್ಯಾಂಡ್ ಎದುರು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ, ವಾಸ ಚನ್ನಗಿರಿ ಟೌನ್, ಶಿವಮೊಗ್ಗ ಜಿಲ್ಲೆ. ಸೂಳೆಕೆರೆಯ ಹಂಸ ಬಾಲವಿಹಾರದ ಮಾಲೀಕರಾದ ಮಲ್ಲಿಕಾರ್ಜುನಪ್ಪನವರು ನನ್ನ ಮೇಲೆ ಅರ್ಜಿ ಕೊಟ್ಟಿದ್ದು, ಅದರಲ್ಲಿ ನಾನು ಅವರ ಹೊಸ ರೈಲಿನ ಸೀಟಿನಿಂದ ಒಂದು ಖಾಕಿ ಅಂಗಿ ಕದ್ದಿದ್ದೇನೆ, ರೈಲಿಗೆ ಮಾಟ ಮಾಡಿಸಿದ್ದೇನೆ ಎಂದು ಹೇಳಿರುತ್ತಾರೆ. ಸದರಿ ಅಂಗಿ ತೆಗೆದುಕೊಂಡು ಬಾ ಎಂದು ಸಾಹೇಬರು ಹೇಳಿ ಕಳಿಸಿದ್ದರಿಂದ ಈ ದಿನ ಠಾಣೆಗೆ ಬಂದು, ಕೇಳಿದ್ದಕ್ಕೆಲ್ಲ ನನಗೆ ತಿಳಿದಂತೆ ಹೇಳುವುದೇನೆಂದರೆ:

ನಮ್ಮ ಯಜಮಾನರು ಜಗಳೂರಿನಿಂದ ದಾವಣಗೆರೆ ಮೇಲೆ ಚನ್ನಗಿರಿಗೆ ಬರುವ ಖಾಸಗಿ ಬಸ್ಸಿಗೆ ಹದಿನಾರು ವರ್ಷ ಕಂಡಕ್ಟರ್ ಆಗಿದ್ದರು. ಆ ಬಸ್ಸು ದಿನಾ ಸೂಳೆಕೆರೆ ಏರಿಯ ಮೇಲೆ ಹಾಯುತ್ತದೆ. ಏರಿಯ ಕೆಳಗೆ ಬಾಲವಿಹಾರ. ಅಲ್ಲಿ ಮೊದಲಿನಿಂದ ಇದ್ದದ್ದು ಒಂದು ಜೈಂಟ್ ವೀಲ್, ಮರದ ಕುದುರೆಗಳು, ಕುಂಟುತ್ತಾ ಸುತ್ತುವ ಒಂದು ಪುಟಾಣಿ ರೈಲು. 1983ನೇ ಇಸವಿಯಲ್ಲಿ ಬೇಲಿಯ ಹಿಂದೆ ಲಾರಿಗಟ್ಟಲೆ ಕಬ್ಬಿಣ ಬಂದು ಬಿದ್ದಿತು. ಏನು ಕಟ್ಟುತ್ತೇವೆಂದು ಮಲ್ಲಿಕಾರ್ಜುನಪ್ಪನವರು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ನನ್ನ ಅಂಗಡಿಯ ಮುಂದೆ ಸಂಜೆಯಾದರೆ ಅದೇ ಮಾತು.

ಹೀಗೆ ಮಾತಿಗೆ ಕೂರುತ್ತಿದ್ದವರು ನಮ್ಮ ಯಜಮಾನರು, ಅದೇ ಬಸ್ಸಿನ ಡ್ರೈವರ್ ಪಂಚಾಕ್ಷರಪ್ಪ ಮತ್ತು ಪಕ್ಕದ ಸೈಕಲ್ ಶಾಪಿನ ರಂಗಣ್ಣ. ಪೈಪುಗಳು ಬಾಗಿರುವುದರಿಂದ ಅದು ಕೆರೆಗೆ ಇಳಿಯುವ ಜಾರುಬಂಡೆಯೇ ಸರಿ ಎಂದು ರಂಗಣ್ಣ ಹೇಳಿದರು. ಇನ್ನೊಂದು ಜೈಂಟ್ ವೀಲ್ ಇರಬೇಕೆಂದು ಪಂಚಾಕ್ಷರಪ್ಪ ಹೇಳಿದರು. ನಮ್ಮವರು ಮಾತ್ರ, ಅದು ಗುಡ್ಡ ಹತ್ತಿ ದಬಕ್ಕನೆ ಬೀಳೋ ರೈಲು, ಬೊಂಬಾಯಿ ಕಂಡು ಬಂದಿರೋ ಪ್ಯಾಸೆಂಜರ್ ಒಬ್ರು ಹೇಳ್ಯಾರೆ, ನೋಡ್ತಿರ್ರಿ ಎಂದು ಹಟ ಹಿಡಿದರು. ನೆಲದ ಮ್ಯಾಲಿನ ರೈಲೇ ಹೊತ್ತಿಗೆ ಸರಿಯಾಗಿ ಬರಲ್ಲ, ಇದು ಆಕಾಶಕ್ಕೆ ಹತ್ತತೈತಾ ಮಹೇಶಣ್ಣ ಎಂದು ರಂಗಣ್ಣ ಮಂಡಕ್ಕಿ ಉದುರುವ ಹಾಗೆ ನಕ್ಕರು.

ಮುಂದೆ ಎರಡು ವರ್ಷ ನಮ್ಮವರಿಗೆ ಅದೇ ಹುಚ್ಚು. ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ಈ ದಿನ ಯಾವ ಕಬ್ಬಿಣ ಬಂತು, ಯಾವ ಕಂಬ ನೆಟ್ಟರು ಎಂದು ಹೇಳುತ್ತಿದ್ದರು. ನಮಗೆ ಮಕ್ಕಳಿಲ್ಲ. ಮಕ್ಕಳ ತೋಟಕ್ಕೆ ಮಕ್ಕಳಿಲ್ಲದವರು ಹೋದರೆ ಜನ ನಗುತ್ತಾರೆಂದು ಅವರು ಒಂದು ದಿನವೂ ಒಳಗೆ ಹೋಗಲಿಲ್ಲ, ಬಸ್ಸಿನಿಂದಲೇ ಬಗ್ಗಿ ನೋಡುತ್ತಿದ್ದರು. ಹದಿನಾರು ವರ್ಷ ನಿಂತ್ಕಂಡೇ ಹೋಗೀನಿ, ಆ ರೈಲು ಬರ್ಲಿ, ಎಲ್ಲಾರಿಗಿಂತ ಮೊದ್ಲು ಮುಂದಿನ ಸೀಟಿನಾಗೆ ಕೂತು ಹೋಗ್ತೀನಿ ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಇದಕ್ಕೇನು ಕಮ್ಮಿ ಇಲ್ಲ ಎಂದು ನಾನು ಬೈಯುತ್ತಿದ್ದೆ.

1985ನೇ ಇಸವಿ ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸಾಗಿಸುವಷ್ಟು ಹೊತ್ತೂ ಉಳಿಯಲಿಲ್ಲ. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಸೊಂಟಕ್ಕೆ ಬಟ್ಟೆ ಬಿಗಿದು, ವಿಭೂತಿ ಹಚ್ಚಿ, ಒರಗಿಸಿ ಕೂರಿಸಿದ್ದರು. ನಾನು ಅವರನ್ನು ಕಡೆಯದಾಗಿ ನೋಡಿದ್ದು ಹಾಗೆ ಕುಳಿತಿದ್ದಾಗ. ಇದನ್ನು ಏಕೆ ಹೇಳುತ್ತಿದ್ದೇನೆಂಬುದು ಮುಂದೆ ತಿಳಿಯುತ್ತದೆ.

ಅವರ ಬಟ್ಟೆಗಳನ್ನೆಲ್ಲ ಮನೆಯವರು ಕೊಟ್ಟು ಕಳಿಸಿದರು. ಒಂದು ಖಾಕಿ ಅಂಗಿ ಮಾತ್ರ ನಾನು ಕೊಡಲಿಲ್ಲ. ಅದರ ಎಡ ಹೆಗಲು ಟಿಕೆಟ್ ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. ಜೇಬು ಹರಿದಾಗ ಖಾಕಿ ದಾರ ಸಿಗದೆ ಹಸಿರು ದಾರದಲ್ಲಿ ಹೊಲಿದಿದ್ದೆ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ನನಗೆ ಊಟ ಸೇರುತ್ತಿರಲಿಲ್ಲ. ಹೋದೋರ ಅಂಗಿ ಮನ್ಯಾಗೆ ಇದ್ರೆ ಅವ್ರು ಬಾಗ್ಲು ಬಿಟ್ಟು ಹೋಗಲ್ಲ ಕಣೇ, ನಿನ್ನೂ ಕರ್ಕಂಡು ಹೋಗ್ತಾರೆ ಎಂದು ನಮ್ಮ ಭಾವನ ಹೆಂಡತಿ ಶಿವಗಂಗಮ್ಮ ಹೇಳುತ್ತಿದ್ದರು. ನಾನು ಹೊನ್ನಾಳಿಗೆ ಅಣ್ಣನ ಮಗಳ ಮದುವೆಗೆ ಹೋಗಿದ್ದಾಗ ಅವರು ಆ ಅಂಗಿಯನ್ನೂ ತಮ್ಮ ಎರಡು ಹಳೇ ಸೀರೆಗಳನ್ನೂ ಪಾತ್ರೆಯವಳಿಗೆ ಕೊಟ್ಟು ಒಂದು ಸ್ಟೀಲಿನ ತಂಬಿಗೆ ತೆಗೆದುಕೊಂಡರು. ನನ್ನ ಒಳ್ಳೆಯದಕ್ಕೇ ಮಾಡಿದರು. ಆದರೆ ಅವತ್ತು ನಾನು ಅವರಿಗೆ ಏನು ಅಂದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಆ ತಂಬಿಗೆಯಲ್ಲಿ ನಾನು ಒಂದು ದಿನವೂ ನೀರು ಕುಡಿದಿಲ್ಲ.

ಹೀಗಿರುವಾಗ ದಿನಾಂಕ 4-11-1987 ಬುಧವಾರ ಮಂಡಕ್ಕಿ ತರಲು ದಾವಣಗೆರೆಗೆ ಅದೇ ಬಸ್ಸಿನಲ್ಲಿ ಹೊರಟಿದ್ದೆ. ಡ್ರೈವರ್ ಪಂಚಾಕ್ಷರಪ್ಪನವರೇ. ಸುಮಾರು 9-30 ಗಂಟೆಗೆ ಏರಿಯ ಮೇಲೆ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆ ವಾಲಿದರು. ಕೆಳಗೆ ಹೊಸ ರೈಲು ಓಡುತ್ತಿತ್ತು. ಯಜಮಾನರು ಹೇಳಿದ ಹಾಗೆಯೇ ಇತ್ತು, ಕಂಬಗಳ ಮೇಲೆ ಹಳಿ, ಹಳಿಯ ಮೇಲೆ ನಾಲ್ಕು ಡಬ್ಬಿ. ಡಬ್ಬಿಗಳಲ್ಲಿ ಜನ ಕೂತಿದ್ದರು. ಶುರು ಆಗೋದು ಮಕ್ಕಳ ದಿನಾಚರಣೆಗಂತೆ, ಇವ್ರನ್ನ ಹೆಂಗೆ ಬಿಟ್ರು ಎಂದು ಹಿಂದಿನ ಸೀಟಿನವರು ಹೊಟ್ಟೆ ಉರಿದುಕೊಂಡರು. ಕೂತವರಿಗೆ ಯಾರಿಗೂ ತಲೆ ಇರಲಿಲ್ಲ. ಅವು ಮರಳು ತುಂಬಿದ ಚೀಲಗಳೆಂದು ಆಮೇಲೆ ಗೊತ್ತಾಯಿತು. ಜನರ ಭಾರಕ್ಕೆ ಇಟ್ಟು ಓಡಿಸಿ ನೋಡುತ್ತಿದ್ದರಂತೆ. ಉದ್ಘಾಟನೆಯ ಕರೆಯೋಲೆ ಕಾರ್ಡಿಗೆ ಫೋಟೋ ತೆಗೆಸಲು ದೂರದಿಂದ ಜನರಂತೆ ಕಾಣಲೆಂದು ಚೀಲಗಳಿಗೆ ಅಂಗಿ ತೊಡಿಸಿದ್ದರಂತೆ.

ಮುಂದಿನ ಸೀಟಿನಲ್ಲಿ ಖಾಕಿ ಅಂಗಿ ಇತ್ತು. ಎಡ ಹೆಗಲು ಬೆಳ್ಳಗಿತ್ತು. ಸೊಂಟಕ್ಕೆ ಹಗ್ಗ ಬಿಗಿದು ಸೀಟಿಗೆ ಒರಗಿಸಿ ಕೂರಿಸಿದ್ದರು. ಬಸ್ಸಿಗೂ ಅದಕ್ಕೂ ಸುಮಾರು ನೂರು ಅಡಿ ಇರಬಹುದು. ನಾನು ಗುರುತು ಹಿಡಿಯಲು ಅಷ್ಟು ಸಾಕು. ರೈಲು ಮೇಲೆ ಹತ್ತಿ ಒಂದು ಗಳಿಗೆ ನಿಂತ ಹಾಗೆ ಮಾಡಿ ಕೆಳಗೆ ಬಿದ್ದಾಗ ಬಲಗಡೆಯ ಖಾಲಿ ತೋಳು ಮೇಲೆದ್ದಿತು. ನಮ್ಮ ಯಜಮಾನರು ಬಸ್ಸಿನ ಮೇಲ್ಛಾವಣಿಗೆ ಬಡಿದು ರೈಟ್ ಅನ್ನುವಾಗ ಹಾಗೆಯೇ ಎತ್ತುತ್ತಿದ್ದರು.

ಪಂಚಾಕ್ಷರಪ್ಪ ಬಸ್ಸು ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಅವರು ನನ್ನ ಕಡೆ ತಿರುಗದೆ, ಕಸ್ತೂರಕ್ಕ, ನೀವು ನೋಡಿದ್ರಾ ಎಂದು ಕೇಳಿದರು. ನೋಡಿದೆ ಎಂದೆ. ಅವತ್ತು ಕೆರೆಯಲ್ಲಿ ಒಂದು ಅಲೆಯೂ ಇರಲಿಲ್ಲ, ಗಾಳಿ ಎಲ್ಲಿಂದ ಬಂತು ಎಂದು ಅವರು ಈಗಲೂ ಹೇಳುತ್ತಾರೆ. ಬೀಳೋ ರೈಲಿಗೆ ಗಾಳಿ ತಾನೇ ಹುಟ್ಟತೈತೆ ಎಂದು ರಂಗಣ್ಣ ಹೇಳುತ್ತಾರೆ. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಮ್ಮವರನ್ನು ಕಂಡ ಸಂತೋಷವಾಯಿತು. ದಾವಣಗೆರೆಯಲ್ಲಿ ಇಳಿದು ಮಂಡಕ್ಕಿ ಕೊಳ್ಳದೆ ವಾಪಸು ಬಂದೆ.

ಮಾರನೇ ದಿನ ಗುರುವಾರ ಪಾತ್ರೆಯವಳು, ಬಿಳಿಚೋಡಿನ ದುರುಗಕ್ಕ, ನಮ್ಮ ಬೀದಿಗೆ ಬಂದಾಗ ವಿಚಾರಿಸಿದೆ. ಹಳೇ ಬಟ್ಟೆಗಳನ್ನು ಬಾಲವಿಹಾರದ ಕಾವಲುಗಾರ ಚಿಕ್ಕಹನುಮಂತಪ್ಪನಿಗೆ ಗಂಟುಕಟ್ಟಿ ಮಾರಿದ್ದು ನಿಜವೆಂದು ಅವಳು ಒಪ್ಪಿದಳು. ನಮ್ಮ ಯಜಮಾನರು ಅವಳ ಪಾತ್ರೆ ಬುಟ್ಟಿಗೆ ಲಗೇಜು ಚಾರ್ಜು ಹಾಕದೆ ಕರೆತರುತ್ತಿದ್ದರು. ಖಾಕಿ ಅಂಗಿ ಅಂದ್ರೆ ಎಲ್ಲಾ ಒಂದೇ ಥರ ಇರ್ತಾವವ್ವ, ಕಂಡಕ್ಟರಣ್ಣಂದು ಅಂತ ತಿಳಿದಿದ್ರೆ ಮಾರಾಕೆ ನಂಗೆ ಮನಸ್ಸು ಬರ್ತಿತ್ತಾ ಎಂದು ಅತ್ತಳು. ತಂಬಿಗೆ ವಾಪಸು ಕೊಡ್ತೀನಿ, ಅಂಗಿ ತಂದುಕೊಡು ಎಂದೆ. ಅದು ಈಗ ನನ್ನ ಕೈಯಾಗಿಲ್ಲವ್ವ, ಯಾರತ್ರ ಐತೋ ಅವ್ರಿಗೇ ತಂಬಿಗೆ ಕೊಟ್ಟು ಇಸ್ಕಳ್ಳಿ ಎಂದಳು. ನಾನು ಮಾಡಿದ್ದು ಅಷ್ಟೇ.

ದಿನಾಂಕ 6-11-1987 ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ, ಕೆಲಸದವರು ಊಟಕ್ಕೆ ಹೋದ ಹೊತ್ತಿನಲ್ಲಿ, ಬಾಲವಿಹಾರದ ಗೇಟಿಗೆ ಹೋಗಿ ಚಿಕ್ಕಹನುಮಂತಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವನು ತಲೆ ತಗ್ಗಿಸಿ ಗೇಟು ತೆಗೆದು, ನಾನು ಊಟಕ್ಕೆ ಹೋಗ್ತೀನಿ ಕಣಮ್ಮ ಎಂದು ಹೋದ. ಈಗ ನನ್ನನ್ನು ನೋಡಿಯೇ ಇಲ್ಲವೆಂದು ಹೇಳಿದ್ದಾನಂತೆ. ಹೇಳಲಿ, ಅವನ ನೌಕರಿ ಉಳಿಯಲಿ.

ರೈಲು ಕೆಳಗೆ ನಿಂತಿತ್ತು. ಮುಂದಿನ ಸೀಟಿನ ಪಕ್ಕ ಸ್ವಲ್ಪ ಹೊತ್ತು ಕೂತೆ. ಜೇಬಿನ ಹಸಿರು ದಾರ ಹಾಗೇ ಇತ್ತು. ಸೊಂಟದ ಹಗ್ಗ ಬಿಚ್ಚಿದೆ. ಕತ್ತಿನ ಹತ್ತಿರ ಹುರಿಯ ಗಂಟು ಕೈಗೆ ಬಗ್ಗಲಿಲ್ಲ, ಹಲ್ಲಿನಿಂದ ಬಿಚ್ಚಿದೆ. ಮರಳಿನ ಭಾರಕ್ಕೆ ಚೀಲ ಎತ್ತಲಾಗದೆ ಬೊಗಸೆಯಲ್ಲಿ ತೋಡಿ ತೋಡಿ ಹೊರಗೆ ಹಾಕಿದೆ. ಎರಡು ವರ್ಷದ ಕೆಳಗೆ ಅವರ ಮೇಲೆ ಒಂದು ಹಿಡಿ ಮಣ್ಣು ಹಾಕಿದ್ದೆ. ಈಗ ಎರಡು ಕೈಯಿಂದ ತೆಗೆದೆ. ಅಂಗಿ ಹಗುರಾದಾಗ ನನಗೆ ಅಳು ತಡೆಯಲಾಗಲಿಲ್ಲ. ಮರಳನ್ನೂ ಚೀಲವನ್ನೂ ಅಲ್ಲೇ ಬಿಟ್ಟಿದ್ದೇನೆ. ಅಂಗಿಗೆ ಬದಲಾಗಿ ತಂಬಿಗೆಯನ್ನು ಅದೇ ಸೀಟಿನಲ್ಲಿಟ್ಟು, ಬೀಳಬಾರದೆಂದು ಅದೇ ಹಗ್ಗದಿಂದ ಬಿಗಿದು ಬಂದೆ. ಕೊಟ್ಟು ತೆಗೆದುಕೊಂಡದ್ದು ಕಳ್ಳತನ ಹೇಗಾಗುತ್ತದೆ ಎಂಬುದನ್ನು ಸಾಹೇಬರೇ ಹೇಳಬೇಕು.

ತಂಬಿಗೆಯಲ್ಲಿ ನಿಂಬೆಹಣ್ಣು, ಕುಂಕುಮ ಇತ್ತೆಂದು ಅರ್ಜಿಯಲ್ಲಿ ಬರೆದಿರುವುದು ಸುಳ್ಳು. ಅದು ಖಾಲಿ ಇತ್ತು. ಹತ್ತಿರ ಹೋಗಿ ನೋಡಿದವರು ಯಾರೂ ಇಲ್ಲ.

ಶನಿವಾರ ನಡೆದದ್ದನ್ನು ನಾನು ಕಂಡಿಲ್ಲ, ಪಂಚಾಕ್ಷರಪ್ಪನವರಿಂದ ಕೇಳಿದ್ದು. ಹೊಸ ಯಂತ್ರಕ್ಕೆ ಪೂಜೆ ಮಾಡುವುದು ವಾಡಿಕೆ. ಸೀಟಿನಲ್ಲಿ ತಂಬಿಗೆ ಕಂಡ ಕೆಲಸದವರು ಮಾಲೀಕರು ಪೂಜೆಗೆ ಇಟ್ಟಿದ್ದಾರೆ ಎಂದುಕೊಂಡರು. ಮಾಲೀಕರು ಕೆಲಸದವರು ಇಟ್ಟಿದ್ದಾರೆ ಎಂದುಕೊಂಡರು. ಇಬ್ಬರೂ ಕೈಮುಗಿದು ರೈಲು ಬಿಟ್ಟರು. ಅದು ಮೇಲೆ ಹತ್ತಿ, ಬೀಳುವ ಜಾಗದಲ್ಲಿ ನಿಂತುಬಿಟ್ಟಿತು. ಚೈನು ಸಡಿಲವಾಗಿದೆ ಎಂದು ಮೆಕ್ಯಾನಿಕ್ ಹೇಳಿದನಂತೆ. ಆದರೆ ತಂಬಿಗೆ ಯಾರದೆಂದು ಕೇಳಿದಾಗ ಇಬ್ಬರೂ ನಮ್ಮದಲ್ಲ ಎಂದರು. ಆ ಗಳಿಗೆಯಿಂದ ಅದು ಮಾಟದ ತಂಬಿಗೆಯಾಯಿತು. ಮೇಲೆ ಹತ್ತಲು ಕಬ್ಬಿಣದ ಏಣಿ ಇದೆ, ಹತ್ತುವ ಗಂಡಸು ಇಲ್ಲ. ನಾಲ್ಕು ದಿನದಿಂದ ರೈಲು ಅಲ್ಲೇ ನಿಂತಿದೆ. ತಂಬಿಗೆ ಬಿಸಿಲಿಗೆ ಹೊಳೆಯುವುದು ಏರಿಯ ಮೇಲಿನ ಬಸ್ಸಿನವರಿಗೆಲ್ಲ ಕಾಣುತ್ತದೆ.

ಅಂಗಡಿಯ ಮುಂದೆ ಮತ್ತೆ ಹಿಂದಿನಂತೆ ಜನ ಸೇರುತ್ತಿದ್ದಾರೆ. ರೈಲು ಯಾಕೆ ನಿಂತಿದೆ, ಯಾವಾಗ ಹೊರಡುತ್ತದೆ, ದಿನಕ್ಕೊಂದು ಊಹೆ. ಅಂಗಿ ತಂದು ತಂಬಿಗೆ ಇಟ್ಟದ್ದು ನಾನೇ ಎಂಬುದನ್ನು ನಾನು ಯಾರಿಗೂ ಮುಚ್ಚಿಟ್ಟಿಲ್ಲ. ಭಾನುವಾರ ಪಂಚಾಕ್ಷರಪ್ಪ ನಗದೆ ಒಂದು ಮಾತು ಹೇಳಿದರು. ಕಂಡಕ್ಟರನ್ನ ಇಳಿಸಿಕಂಡು ಬಂದೀರಲ್ಲಕ್ಕ, ರೈಟ್ ಅನ್ನೋರು ಇಲ್ದೆ ಗಾಡಿ ಹೆಂಗೆ ಹೊಂಡತೈತೆ ಎಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ನಮ್ಮವರು ಹೇಳಿದ ಮಾತಿನಂತೆ ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದರು. ಇಳಿಸಿದ್ದು ನಾನು.

ಅದೇ ದಿನ ಸಂಜೆ ಮಲ್ಲಿಕಾರ್ಜುನಪ್ಪನವರು ಖುದ್ದಾಗಿ ಅಂಗಡಿಗೆ ಬಂದು, ಕಸ್ತೂರಮ್ಮನೋರೆ, ಕಾರ್ಡು ಹಂಚಿ ಆಗೈತೆ, ನಿಮ್ಮ ತಂಬಿಗೆ ನೀವು ತಗಳ್ರಿ, ಅಂಗಿ ಎಲ್ಲಿತ್ತೋ ಅಲ್ಲೇ ಇಡ್ರಿ, ಬೇಕಾದ್ರೆ ಹೊಸಾ ಬಟ್ಟೆ ಕೊಡಿಸ್ತೀನಿ ಎಂದು ಕೇಳಿಕೊಂಡರು. ಕೆಟ್ಟ ಮನುಷ್ಯರಲ್ಲ. ಅಂಗಿ ಕೊಡುವುದಿಲ್ಲ ಎಂದೆ. ಸೋಮವಾರ ಅರ್ಜಿ ಕೊಟ್ಟರು.

ಅಂಗಿ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಸಾಹೇಬರು ಕೇಳುತ್ತಾರೆ. ಬಚ್ಚಿಟ್ಟಿಲ್ಲ. ಈಗ ನನ್ನ ಮೈಮೇಲೆ, ಸೆರಗಿನ ಕೆಳಗೆ ಇದೆ. ಬೆಳಿಗ್ಗೆ ಇಲ್ಲಿಗೆ ಹೊರಡುವಾಗ ತೊಟ್ಟುಕೊಂಡೆ. ಶಿವಗಂಗಕ್ಕನೇ ಗುಂಡಿ ಹಾಕಿದರು. ಸಾಕ್ಷಿಗೆ ಬೇಕೆಂದು ಇದನ್ನು ಯಾರು ಕೇಳಿದರೂ ಬಿಚ್ಚಿ ಕೊಡಲು ನನಗೆ ಇಷ್ಟವಿಲ್ಲ. ಅದರ ಬದಲು ನಾನು ಒಪ್ಪುವುದೇನೆಂದರೆ, ಇಲ್ಲಿಂದ ನೇರ ಸೂಳೆಕೆರೆಗೆ ಹೋಗುತ್ತೇನೆ. ಯಾರೂ ಹತ್ತದ ಏಣಿ ನಾನು ಹತ್ತುತ್ತೇನೆ. ತಂಬಿಗೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ಈ ಅಂಗಿಯಲ್ಲೇ, ಮುಂದಿನ ಸೀಟಿನಲ್ಲಿ ಕೂರುತ್ತೇನೆ. ಮೆಕ್ಯಾನಿಕ್ ಚೈನು ಬಿಗಿಯಲಿ. ಅವನ ಕೆಲಸ ಮುಗಿದ ಮೇಲೆ ಕೈ ಎತ್ತಿ ರೈಟ್ ಅನ್ನುತ್ತೇನೆ. ಅವರು ಕೂತು ಹೋಗಲಿ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಕೂಡಿಸಿದ್ದಿಲ್ಲ, ಬಿಟ್ಟಿದ್ದಿಲ್ಲ. ನಿಜವೆಂದು ನನ್ನ ಕೈಯಾರೆ ರುಜು ಹಾಕಿದ್ದೇನೆ.

ಸ್ಥಳ: ಚನ್ನಗಿರಿ
ದಿನಾಂಕ: 10-11-1987
(ಸಹಿ) ಕಸ್ತೂರಮ್ಮ

ಬರೆದುಕೊಂಡವರ ಷರಾ: ಅಂಗಿಯನ್ನು ಜಪ್ತಿ ಮಾಡಿಕೊಂಡಿರುವುದಿಲ್ಲ. ಹೇಳಿಕೆದಾರರು 12-40ರ ಬಸ್ಸಿಗೆ ಹೊರಟಿರುತ್ತಾರೆ.